ತೂತಿಲ್ಲದ ತೇಪೆ

ರಫೂ ಮಾಸ್ಟರ್‌ಗೆ ತೇಪೆ ಕಂಡರೆ ಆಗುತ್ತಿರಲಿಲ್ಲ. ತೇಪೆ ಹಾಕುವುದು ಸೋಮಾರಿಗಳ ಕೆಲಸ ಎನ್ನುತ್ತಿದ್ದ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ನೂಲು ಬಿಡಿಸಿಕೊಂಡು, ಕೂದಲಿನಂಥ ಸೂಜಿಗೆ ಪೋಣಿಸಿ, ಉದ್ದದ ಎಳೆ ಅಡ್ಡದ ಎಳೆ ಎರಡನ್ನೂ ಹೊಸದಾಗಿ ನೇಯ್ದು, ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದು, ಗಿರಾಕಿಯ ಕೈಗೆ ಕೊಟ್ಟು, "ಎಲ್ಲಿ ಹರಿದಿತ್ತು, ತೋರಿಸಿ ನೋಡೋಣ" ಎಂದು ಕೇಳುವುದು ಅವನ ಚಾಳಿ. ಗಿರಾಕಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ, ಕೊನೆಗೆ ಯಾವುದೋ ತಪ್ಪು ಜಾಗದ ಮೇಲೆ ಬೆರಳಿಡುತ್ತಿದ್ದ. ಆಗ ಮಾಸ್ಟರ್‌ನ ಮುಖ ನೋಡಬೇಕಿತ್ತು. ಪರೀಕ್ಷೆ ಪಾಸಾದ ಹುಡುಗನ ಹಾಗೆ ಅರಳಿಬಿಡುತ್ತಿತ್ತು.

ಈಗ ಅವನಿಲ್ಲ. ಇಂಥ ಮನುಷ್ಯನನ್ನು ಊರಿನವರು ನೆನೆಸಿಕೊಳ್ಳುವುದು ಒಂದು ತೇಪೆಯ ನೆಪದಲ್ಲಿ. ಅದನ್ನೂ ನೆಟ್ಟಗೆ ನೆನೆಸಿಕೊಳ್ಳುವುದಿಲ್ಲ. ಅದಕ್ಕೇ ಇದನ್ನೆಲ್ಲ ಮೊದಲಿನಿಂದ ಹೇಳಬೇಕಾಗಿದೆ.

ಅವನ ಅಂಗಡಿ ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಯಾರಾದರೂ ದಡದಡ ಮೆಟ್ಟಿಲು ಹತ್ತಿದರೆ ಒಳಗೆ ಸುಣ್ಣದ ಪುಡಿ ಉದುರುತ್ತಿತ್ತು. ಪರದೆಯ ಈಚೆ ಒಬ್ಬರು ಕೂರಬಹುದು, ಒಬ್ಬರು ನಿಲ್ಲಬಹುದು, ನಿಂತವರು ತಲೆ ತಗ್ಗಿಸಲೇಬೇಕು. "ನಮ್ಮ ಅಂಗಡಿಗೆ ಬಂದವರೆಲ್ಲ ವಿನಯವಂತರು" ಎಂದು ಮಾಸ್ಟರ್ ನಗುತ್ತಿದ್ದ. ಪರದೆಯ ಹಿಂದೆ ಕೂತು ಹೆಂಡತಿ ಗುಂಡಿ ಹಚ್ಚುತ್ತಿದ್ದಳು, ಅಂಚು ಮಡಿಸುತ್ತಿದ್ದಳು. ಎರಡು ಬೀದಿಯಾಚೆ ಒಂದು ಹಳೆಯ ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿ ಅವನ ಅಕ್ಕ ಒಬ್ಬಳೇ ಇದ್ದಳು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಬಾಯಿ ಜೋರು. ದಿನಕ್ಕೊಮ್ಮೆ ಅಂಗಡಿಗೆ ಬಂದು ತಮ್ಮನನ್ನು ಬೈಯದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅಕ್ಕನ ಕಟ್ಟಡಕ್ಕೆ ನೀರಿನ ಮೀಟರ್ ಓದಲು ಬರುತ್ತಿದ್ದವನೇ ಮುಂದೆ ತೇಪೆಯಣ್ಣನಾದ. ಆಗ ಬಡಕಲು ಯುವಕ. ಹೆಗಲಿಗೆ ಚೀಲ, ಕಿವಿಯ ಹಿಂದೆ ಪೆನ್ಸಿಲು. ಯಾರ ಮನೆಯ ನಲ್ಲಿ ಸೋರುತ್ತದೆ, ಯಾರ ಮನೆಯಲ್ಲಿ ಕೂಸು ಹುಟ್ಟಿ ನೀರು ಸಾಲುತ್ತಿಲ್ಲ, ಎಲ್ಲ ಅವನಿಗೆ ಬಾಯಿಪಾಠ. ಕಟ್ಟಡದ ಮಾಲೀಕ ಬಾಡಿಗೆದಾರರನ್ನು ಎಬ್ಬಿಸಬೇಕೆಂದು ನೀರು ನಿಲ್ಲಿಸಿದಾಗ ಮೊದಲು ಜಗಳಕ್ಕೆ ನಿಂತವನು ಅವನೇ. ಬಾಡಿಗೆದಾರರ ಸಂಘ ಕಟ್ಟಿದ. ಅದಕ್ಕಾಗಿ ಕೆಲಸ ಹೋಯಿತು. ಹೋದರೆ ಹೋಗಲಿ ಎಂದ. ಒಂದು ಬೆಳಿಗ್ಗೆ ಮಾಲೀಕನ ಕಡೆಯವರು, ಹೆಂಗಸರು ಮಕ್ಕಳು ಒಳಗಿರುವಾಗಲೇ, ಕಬ್ಬಿಣದ ಗೇಟಿಗೆ ಬೀಗ ಜಡಿದು ಹೋದರು. ಅವನು ಗೇಟು ಹತ್ತಿ ಒಳಗೆ ಧುಮುಕಿ, ಕಲ್ಲಿನಿಂದ ಕುಟ್ಟಿ ಕುಟ್ಟಿ ಬೀಗ ಒಡೆದ. ಗೇಟಿನ ಮೇಲಿನ ಚೂಪಿಗೆ ಸಿಕ್ಕಿ ಶರ್ಟಿನ ಎಡತೋಳು ಪರ್ರನೆ ಹರಿಯಿತು.

ಅಲ್ಲಿಂದ ಅವನು ಓಡಿಬಂದದ್ದು ಮೆಟ್ಟಿಲ ಕೆಳಗಿನ ಅಂಗಡಿಗೆ.

"ಮಾಸ್ಟ್ರೇ, ಹತ್ತು ನಿಮಿಷದಲ್ಲಿ ಹೊಲಿದುಕೊಡ್ತೀರಾ? ಮೈದಾನದಲ್ಲಿ ಮೀಟಿಂಗ್ ಇದೆ. ನನ್ನ ಹತ್ರ ಇರೋದು ಇದೊಂದೇ ಶರ್ಟು."

"ಹತ್ತು ನಿಮಿಷದಲ್ಲಿ ರಫೂ ಆಗಲ್ಲ ಸ್ವಾಮಿ, ರಗಳೆ ಆಗುತ್ತೆ. ನಾಳೆ ಬನ್ನಿ."

"ನಾಳೆ ಬಂದ್ರೆ ನಿಮ್ಮಕ್ಕ ಬೀದೀಲಿರ್ತಾರೆ."

ಮಾಸ್ಟರ್ ಶರ್ಟು ಬಿಚ್ಚಿಸಿಕೊಂಡ. ಬೆವರು, ಕಬ್ಬಿಣದ ತುಕ್ಕು, ರಕ್ತ ಎಲ್ಲ ಸೇರಿದ ವಾಸನೆ. ಕೊರಳಪಟ್ಟಿಯ ವಾಸನೆಯಿಂದಲೇ ಮನುಷ್ಯ ಎಂಥವನೆಂದು ತನಗೆ ತಿಳಿಯುತ್ತದೆ ಎಂಬುದು ಅವನ ಇನ್ನೊಂದು ಜಂಬ. ಶಾಲೆಯ ಸಮವಸ್ತ್ರ ಹೊಲಿದು ಉಳಿದಿದ್ದ ನೀಲಿ ತುಂಡೊಂದನ್ನು ಬಿಳಿ ತೋಳಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡಂತೆ ಗಡಗಡ ಹೊಲಿಗೆ ಓಡಿಸಿದ. ಬನಿಯನ್‌ನಲ್ಲಿ ತಲೆ ತಗ್ಗಿಸಿ ನಿಂತಿದ್ದ ಯುವಕನಿಗೆ ಹೆಂಡತಿ ಪರದೆಯ ಹಿಂದಿನಿಂದ ಚಹಾ ಚಾಚಿದಳು.

"ತೇಪೆ ಹಾಕಿದ್ದೀನಿ" ಎಂದ ಮಾಸ್ಟರ್, ಏನೋ ಕೆಟ್ಟ ಕೆಲಸ ಮಾಡಿದವನ ಹಾಗೆ. "ನಾನು ಹಾಕಿದ್ದು ಅಂತ ಯಾರಿಗೂ ಹೇಳಬೇಡಿ. ಮೀಟಿಂಗ್ ಮುಗಿಸಿ ಬಂದುಬಿಡಿ, ಇದನ್ನ ಬಿಚ್ಚಿ ಸರಿಯಾಗಿ ರಫೂ ಮಾಡಿಕೊಡ್ತೀನಿ."

"ಖಂಡಿತ ಬರ್ತೀನಿ ಮಾಸ್ಟ್ರೇ."

ಬರಲಿಲ್ಲ. ಮೈದಾನದಲ್ಲಿ ಅವನು ಎಡಗೈ ಎತ್ತಿ ಮಾತಾಡಿದಾಗ ಕೊನೆಯ ಸಾಲಿನವರಿಗೂ ಆ ನೀಲಿ ಚೌಕ ಕಂಡಿತು. ಯಾರೋ ಫೋಟೋ ತೆಗೆದರು, ಪತ್ರಿಕೆಯಲ್ಲಿ ಬಂತು. ಮಾರನೆಯ ದಿನದಿಂದ ಅವನು ತೇಪೆಯಣ್ಣ. ಹೆತ್ತವರು ಇಟ್ಟ ಹೆಸರು ಮತಪತ್ರಕ್ಕಷ್ಟೇ ಉಳಿಯಿತು.

ಸುಳ್ಳು ಹೇಳಬಾರದು, ಆಗ ಅವನು ಒಳ್ಳೆಯವನೇ. ಮೂರನೇ ಮಹಡಿಗೆ ನೀರು ಹತ್ತಿಸಿದ. ಬಾಡಿಗೆದಾರರನ್ನು ಎಬ್ಬಿಸಕೂಡದೆಂದು ಕೋರ್ಟಿನಿಂದ ಆದೇಶ ತಂದ. ಅವನು ನಿಂತ ಮೊದಲ ಚುನಾವಣೆಯಲ್ಲಿ ಮಾಸ್ಟರ್ ಅಂಗಡಿ ಮುಚ್ಚಿ ಬೀದಿಬೀದಿ ಅಲೆದ. ಹೆಂಡತಿಯ ಜೊತೆಗೂ ದನಿ ಎತ್ತಿ ಮಾತಾಡದ ಮನುಷ್ಯ, ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ವಾರವಿಡೀ ಕೈಸನ್ನೆಯಲ್ಲೇ ಅಳತೆ ತೆಗೆದುಕೊಂಡ. ಒಂದೇ ಒಂದು ಕೊರಗು ಅವನಿಗೆ. ಎದುರು ಸಿಕ್ಕಾಗಲೆಲ್ಲ ಕೇಳುತ್ತಿದ್ದ, "ಆ ಶರ್ಟು ತಂದುಕೊಡಿ, ಸರಿ ಮಾಡಿಕೊಡ್ತೀನಿ." ತೇಪೆಯಣ್ಣ ಬೆನ್ನು ತಟ್ಟುತ್ತಿದ್ದ. "ಇರಲಿ ಬಿಡಿ ಮಾಸ್ಟ್ರೇ, ಜನ ಇದರಿಂದಲೇ ನನ್ನ ಗುರುತು ಹಿಡೀತಾರೆ."

ತನ್ನ ಬದುಕಿನ ಅತಿ ಕೆಟ್ಟ ಹೊಲಿಗೆ ಹೀಗೆ ಊರೆಲ್ಲ ಮೆರೆಯುತ್ತಿರುವುದು ಮಾಸ್ಟರ್‌ಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಸಹಿಸಿದ. ಆ ತೋಳಿನ ಒಳಗೆ ನಿಜವಾದ ತೂತಿತ್ತಲ್ಲ.

ಎರಡನೇ ಸಲ ಗೆದ್ದ ಮೇಲೆ ತೇಪೆಯಣ್ಣ ವಸತಿ ಮಂತ್ರಿಯಾದ. ಮೂರು ತಿಂಗಳೊಳಗೆ ಮೆಟ್ಟಿಲ ಮುಂದೆ ಒಂದು ಕಾರು ನಿಂತಿತು. ಇಳಿದವನು ಮಂತ್ರಿಯ ಪಿ.ಎ. ಬಾಯಲ್ಲಿ ಹಲ್ಲುಕಡ್ಡಿ, ಕೈಯಲ್ಲಿ ಪೊಟ್ಟಣ. ಬಗ್ಗಲು ಮನಸ್ಸಿಲ್ಲದೆ ಹೊರಗೇ ನಿಂತು ಪೊಟ್ಟಣವನ್ನು ಯಂತ್ರದ ಮೇಲೆ ಎಸೆದ. ಮಾಸ್ಟರ್ ಬಿಚ್ಚಿದರೆ ಒಳಗೆ ಹೊಚ್ಚ ಹೊಸ ಶರ್ಟುಗಳು. ಬೆರಳ ಮೇಲಿಂದ ನೀರಿನಂತೆ ಜಾರುವ ಬಟ್ಟೆ.

"ತೇಪೆ ಹಾಕಬೇಕು" ಎಂದ ಪಿ.ಎ.

ಮಾಸ್ಟರ್ ಒಂದೊಂದನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ತೋಳು ಬೆನ್ನು ಬಗಲು ಎಲ್ಲ ನೋಡಿದ. "ಎಲ್ಲಿ ಹರಿದಿದೆ?"

"ಎಲ್ಲೂ ಹರಿದಿಲ್ಲ. ನೀವೇ ಹರಿದುಕೊಳ್ಳಿ."

ತಮಾಷೆ ಎಂದುಕೊಂಡು ಮಾಸ್ಟರ್ ನಕ್ಕ. ಪಿ.ಎ. ನಗಲಿಲ್ಲ. ಹಲ್ಲುಕಡ್ಡಿಯಿಂದಲೇ ಜಾಗ ತೋರಿಸಿದ. "ಎಡತೋಳು, ಮೊಣಕೈಗಿಂತ ಚೂರು ಮೇಲೆ. ಕೈ ಎತ್ತಿದರೆ ಕ್ಯಾಮೆರಾಗೆ ಸಿಗಬೇಕು. ನೀಲಿ ತುಂಡು ಹೊಸದಾಗಿ ಕಾಣಬಾರದು, ಚಹಾದ ನೀರಲ್ಲಿ ಅದ್ದಿ. ಸಾಹೇಬರು ನಿಮ್ಮನ್ನೇ ಕೇಳಿದ್ದಾರೆ. ಅದೃಷ್ಟ ಅಂದುಕೊಳ್ಳಿ."

ಅವನು ಹೋದ ಮೇಲೆ ಮಾಸ್ಟರ್ ಬಹಳ ಹೊತ್ತು ಕತ್ತರಿ ಹಿಡಿದು ಕೂತ.

"ರೀ, ಅಷ್ಟು ದೊಡ್ಡವರು ಹೇಳಿದ್ದಾರೆ ಅಂದ್ರೆ ಏನೋ ಕಾರಣ ಇರುತ್ತೆ" ಎಂದಳು ಹೆಂಡತಿ. "ಜನಕ್ಕೆ ಆ ಗುರುತು ಬೇಕು ಅಂತಿರಬಹುದು."

"ಗುರುತು ಬೇಕಾದ್ರೆ ಹಣೆ ಮೇಲೆ ಹಚ್ಚೆ ಹಾಕಿಸಿಕೊಳ್ಳಲಿ. ಹುಷಾರಾಗಿರೋ ಮಗು ತಂದು ಆಪರೇಷನ್ ಮಾಡು ಅಂದ್ರೆ ಯಾವ ಡಾಕ್ಟರು ಮಾಡ್ತಾನೆ?"

ಎರಡು ದಿನ ಹಾಗೇ ಬಿಟ್ಟ. ಮೂರನೇ ದಿನ ಕಾರು ಮತ್ತೆ ಬಂದು ಹಾರ್ನ್ ಹೊಡೆಯಿತು. ತೇಪೆಯಣ್ಣ ಅಂದು ಗೇಟು ಹತ್ತಿದ್ದನ್ನು ನೆನೆದು, ಅಕ್ಕನ ಮನೆಗೆ ಹತ್ತಿದ ನೀರನ್ನು ನೆನೆದು, ಮಾಸ್ಟರ್ ಹೊಲಿಯಲು ಕೂತ. ಆದರೆ ಕತ್ತರಿ ಮಾತ್ರ ಒಳ್ಳೆಯ ಬಟ್ಟೆಯೊಳಗೆ ಇಳಿಯಲಿಲ್ಲ. ಎಷ್ಟು ಸಲ ಬಾಯಿ ತೆರೆಸಿದರೂ ಕೈ ಹಿಂದಕ್ಕೆ ಬಂತು. ಕೊನೆಗೆ ತೂತು ಮಾಡದೆಯೇ, ಹರಿಯದ ಬಟ್ಟೆಯ ಮೇಲೆಯೇ ನೀಲಿ ತುಂಡಿಟ್ಟು, ಕೈಯಿಂದಲೇ ತೆಳುವಾಗಿ ಹೊಲಿದ. ನೂಲು ಬಿಗಿ ಎಳೆದರೆ ಬಟ್ಟೆಗೆ ಸೂಜಿಯ ಗಾಯ ಉಳಿಯುತ್ತದೆಂದು ಸಡಿಲ ಬಿಟ್ಟ. ಇವನಿಗೆ ಈ ಹುಚ್ಚು ಇಳಿದ ದಿನ ಬಿಚ್ಚಿದರಾಯಿತು, ಶರ್ಟು ಶರ್ಟಾಗಿಯೇ ಇರುತ್ತದೆ, ಎಂಬ ಲೆಕ್ಕ ಅವನದು.

ಹುಚ್ಚು ಇಳಿಯಲಿಲ್ಲ, ಊರಿಗೇ ಹತ್ತಿತು. ಪಕ್ಷದ ಹುಡುಗರೆಲ್ಲ ಎಡತೋಳಿಗೆ ನೀಲಿ ತೇಪೆ ಹಾಕಿಸಿಕೊಳ್ಳತೊಡಗಿದರು. ಅವರಿಗೆ ಮಾಸ್ಟರ್‌ನಂಥ ಮುಲಾಜು ಇರಲಿಲ್ಲ. ಮನೆಯಲ್ಲೇ ಬ್ಲೇಡಿನಿಂದ ಕೊಯ್ದುಕೊಂಡು ಬರುತ್ತಿದ್ದರು. ಮದುವೆಗೆ ಹೊಲಿಸಿದ ಸೂಟಿಗೆ ತೇಪೆ ಹಾಕಿಸಿಕೊಂಡವನೂ ಒಬ್ಬನಿದ್ದ. ಪಕ್ಕದ ಲಾಂಡ್ರಿಯಾಕೆ ಇಸ್ತ್ರಿ ತಿಕ್ಕುತ್ತಲೇ ಕೂಗುತ್ತಿದ್ದಳು, "ಮಾಸ್ಟ್ರೇ, ಊರಿಗೆ ಊರೇ ಹರೀತು, ಇನ್ನು ನೀವು ಬಂಗಲೆ ಕಟ್ಟಿಸೋದೇ!" ರಫೂಗೆಂದು ಬಂದ ಬಟ್ಟೆಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಾಸ್ಟರ್ ದಿನವಿಡೀ ತೇಪೆ ಹಾಕಿ ಸಂಜೆ ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದ, ಮತ್ತೆ ತೊಳೆದುಕೊಳ್ಳುತ್ತಿದ್ದ.

ಆ ಹೊತ್ತಿಗೆ ಅಕ್ಕನ ಕಟ್ಟಡಕ್ಕೆ ನೋಟಿಸು ಬಂತು. ಕಟ್ಟಡ ಶಿಥಿಲವಾಗಿದೆ, ಕೆಡವಿ ಹೊಸದು ಕಟ್ಟುತ್ತೇವೆ, ಖಾಲಿ ಮಾಡಿ. ಕೆಳಗೆ ವಸತಿ ಇಲಾಖೆಯ ಮೊಹರು. ಕಟ್ಟುವ ಗುತ್ತಿಗೆ ಯಾರಿಗೆ ಹೋಗಿದೆ ಎಂದು ವಿಚಾರಿಸಿದರೆ, ಅಂದು ಗೇಟಿಗೆ ಬೀಗ ಹಾಕಿಸಿದ ಅದೇ ಮಾಲೀಕನ ಅಳಿಯನಿಗೆ.

"ನಿನ್ನ ತೇಪೆಯಣ್ಣನ ಹತ್ರ ಹೋಗಿ ಕೇಳೋ" ಎಂದಳು ಅಕ್ಕ. "ಅವನಿಗೆ ಗೊತ್ತಿರಲಿಕ್ಕಿಲ್ಲ. ಕೆಳಗಿನವರು ಮಾಡಿರ್ತಾರೆ."

ಮಾಸ್ಟರ್‌ಗೂ ಹಾಗೇ ಅನಿಸಿತ್ತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮಂತ್ರಿಯ ಬಂಗಲೆಗೆ ಹೋದ. ಅರ್ಧ ದಿನ ಕಾಯಿಸಿದ ಮೇಲೆ ಪಿ.ಎ. ಒಳಗೆ ಕರೆದ. ತೇಪೆಯಣ್ಣ ಮೆತ್ತನೆಯ ಕುರ್ಚಿಯಲ್ಲಿ ಒರಗಿ, ಬಿಸಿನೀರಿನ ತೊಟ್ಟಿಯಲ್ಲಿ ಪಾದ ಇಳಿಬಿಟ್ಟಿದ್ದ. ನೆಲದಲ್ಲಿ ಕೂತ ಆಳೊಬ್ಬ ಅವನ ಹಿಮ್ಮಡಿ ಉಜ್ಜುತ್ತಿದ್ದ. ನೀರಿನ ಮೇಲೆ ಸತ್ತ ಚರ್ಮದ ಸಿಪ್ಪೆಗಳು ಬೆಳ್ಳಗೆ ತೇಲುತ್ತಿದ್ದವು. ತೇಪೆಯಣ್ಣ ಪಿಸ್ತಾ ಬಿಡಿಸಿ ತಿನ್ನುತ್ತ, ಸಿಪ್ಪೆಯನ್ನು ಅದೇ ತೊಟ್ಟಿಗೆ ಉಗುಳುತ್ತಿದ್ದ.

"ಏನಯ್ಯಾ ಮಾಸ್ಟರ್? ಹೊಲಿಗೆ ತಡ ಆಗ್ತಿದೆಯಂತೆ?"

ಒಂದು ಕಾಲಕ್ಕೆ 'ಮಾಸ್ಟ್ರೇ, ನೀವು' ಎನ್ನುತ್ತಿದ್ದವನು. ಅದನ್ನು ನುಂಗಿಕೊಂಡು ಮಾಸ್ಟರ್ ಅಕ್ಕನ ವಿಷಯ ಹೇಳಿದ.

"ನನಗೆ ಗೊತ್ತಿಲ್ವಾ, ನಾನೇ ಸಹಿ ಹಾಕಿದ್ದು. ಅಭಿವೃದ್ಧಿ ಆಗಬೇಡ್ವೇನಯ್ಯಾ? ಆ ಗೂಡಲ್ಲಿ ಎಷ್ಟು ದಿನ ಇರ್ತಾರೆ? ನಿಮ್ಮಕ್ಕನಿಗೆ ಹೇಳು, ಊರಾಚೆ ಎಲ್ಲಾದ್ರೂ ನೋಡಿಕೊಳ್ಳೋದಕ್ಕೆ. ಗಾಳಿ ಚೆನ್ನಾಗಿರುತ್ತೆ." ಆಮೇಲೆ ಪಿ.ಎ. ಕಡೆ ತಿರುಗಿ, "ಹೇಗೂ ಬಂದಿದ್ದಾನಲ್ಲ, ಆ ಕೆನೆ ಬಣ್ಣದ್ದೂ ಕೊಟ್ಟು ಕಳಿಸು."

ಪಿ.ಎ. ಶರ್ಟುಗಳ ಪೊಟ್ಟಣ ತಂದು ಮಾಸ್ಟರ್‌ನ ಕೈಗಿಟ್ಟ. ಹಾಕಿ ಬಿಚ್ಚಿದ್ದ ಶರ್ಟುಗಳು, ಕೊರಳಪಟ್ಟಿಯಿಂದ ಅತ್ತರಿನ ವಾಸನೆ ಗಪ್ಪೆಂದು ಹೊಡೆಯಿತು. ಅವನ್ನು ಆ ತೊಟ್ಟಿಗೇ ಎತ್ತಿ ಹಾಕಿ ಬರಬಹುದಿತ್ತು. ಹಾಕಲಿಲ್ಲ. ಬಗಲಿಗೆ ಇರುಕಿಕೊಂಡು ಬಂದ. ಮನೆಗೆ ಬಂದು ಅಕ್ಕನಿಗೆ, "ಭೇಟಿ ಆಗಲಿಲ್ಲ" ಎಂದ. ಅಕ್ಕನ ಸಾಮಾನು ಕೈಗಾಡಿಯಲ್ಲಿ ಬಂತು. ಕಟ್ಟಡ ಕೆಡವಿದರು. ಮಾಸ್ಟರ್‌ನ ಒಂದೂವರೆ ಕೋಣೆಯ ಮನೆಯಲ್ಲಿ ಅಕ್ಕ ಅಡುಗೆಮನೆಯ ಒಲೆಕಟ್ಟೆಯ ಪಕ್ಕ ಹಾಸಿಗೆ ಹಾಸಿಕೊಂಡಳು. "ಒಳ್ಳೇದಾಯ್ತು ಬಿಡೋ, ಬೈಯೋದಕ್ಕೆ ಎರಡು ಬೀದಿ ನಡೆಯೋ ಕೆಲಸ ತಪ್ಪಿತು" ಎಂದು ನಗಿಸಲು ನೋಡಿದಳು. ಬೆಳಿಗ್ಗೆ ಅವಳು ಹಾಸಿಗೆ ಸುತ್ತುವವರೆಗೆ ಯಾರೂ ಒಲೆ ಹಚ್ಚುವ ಹಾಗಿರಲಿಲ್ಲ. ಅದಕ್ಕಾಗಿ ಅವಳು ಎಲ್ಲರಿಗಿಂತ ಮೊದಲೇ ಎದ್ದು ಕೂತಿರುತ್ತಿದ್ದಳು.

ಗುಟ್ಟು ಹೊರಬಿದ್ದದ್ದು ಲಾಂಡ್ರಿಯಲ್ಲಿ. ಊರ ಗ್ರಂಥಾಲಯಕ್ಕೆ ತೇಪೆಯಣ್ಣನ ಹೆಸರಿಟ್ಟು, ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯಲ್ಲಿ "ಹೋರಾಟದ ಶರ್ಟು" ಇಡುವುದೆಂದು ಪಕ್ಷದವರು ನಿಶ್ಚಯಿಸಿದ್ದರು. ನಿಜವಾದ ಶರ್ಟು ಎಲ್ಲಿ ಹೋಯಿತೋ ಬಂಗಲೆಯಲ್ಲಿ ಯಾರಿಗೂ ತಿಳಿಯದು. ಸಾಲಲ್ಲಿ ನೇತುಬಿದ್ದಿದ್ದರಲ್ಲಿ ಒಂದನ್ನು ಎತ್ತಿ, ತೊಳೆದು ಗಂಜಿ ಹಾಕಿಕೊಡು ಎಂದು ಲಾಂಡ್ರಿಗೆ ಕಳಿಸಿದರು. ಲಾಂಡ್ರಿಯಾಕೆ ಬಿಸಿನೀರಿನಲ್ಲಿ ಎರಡು ಸಲ ಕುಕ್ಕಿದ್ದೇ ತಡ, ಸಡಿಲ ನೂಲು ಬಿಟ್ಟುಕೊಂಡು ತೇಪೆ ಒಂದು ಮೂಲೆಯಿಂದ ಮೇಲೆದ್ದಿತು. ಆಕೆ ಹೆದರಿ, ಎಲ್ಲಿ ಹರಿಯಿತೋ ಎಂದು ಕೆಳಗೆ ನೋಡಿದರೆ, ಬಟ್ಟೆ ಮದುಮಗನ ಕೆನ್ನೆಯ ಹಾಗೆ ನುಣ್ಣಗಿದೆ!

"ಗಾಯಾನೇ ಇಲ್ಲ, ಮೇಲೆ ಬ್ಯಾಂಡೇಜು!" ಎಂದು ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಬ್ಬಳೇ ನಕ್ಕರೆ ಏನು ಚೆಂದ, ಚಹಾದಂಗಡಿಯವನನ್ನು ಕರೆದು ತೋರಿಸಿದಳು. ಅವನು ಗಿರಾಕಿಗಳನ್ನು ಕರೆದ. ಸಂಜೆಯೊಳಗೆ ಪತ್ರಿಕೆಯವನೊಬ್ಬ ಬಂದು ತೇಪೆ ಮಡಚಿ ಹಿಡಿದು ಫೋಟೋ ತೆಗೆದುಕೊಂಡು ಹೋದ.

ಎರಡನೇ ದಿನ ಪಿ.ಎ. ಮೆಟ್ಟಿಲ ಕೆಳಗೆ ಬಗ್ಗಿಯೇ ಒಳಗೆ ಬಂದ. ಬಾಯಲ್ಲಿ ಹಲ್ಲುಕಡ್ಡಿ ಇರಲಿಲ್ಲ.

"ಹರಿದು ಹಾಕಿ ಅಂತ ಹೇಳಿರಲಿಲ್ವಾ? ಒಂದು ಕತ್ತರಿ ಆಡಿಸೋಕೆ ನಿನಗೇನು ರೋಗ?"

"ಒಳ್ಳೇ ಬಟ್ಟೆ ಸ್ವಾಮಿ. ಮನಸ್ಸು ಬರಲಿಲ್ಲ."

ಪಿ.ಎ. ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂಗಲೆಗೆ ಒಯ್ದ. ಈ ಸಲ ಕಾಯಿಸಲಿಲ್ಲ. ತೇಪೆಯಣ್ಣ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. "ಅಣ್ಣಾ" ಎಂದ. ವಯಸ್ಸಿನಲ್ಲಿ ಮಾಸ್ಟರ್ ದೊಡ್ಡವನೇ, ಆದರೆ ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಅಣ್ಣಾ, ಒಂದು ಮಾತು ಹೇಳಿಬಿಡು, ಅಷ್ಟೇ. ಸಾಹೇಬರ ಮೇಲಿನ ಅಭಿಮಾನಕ್ಕೆ ನಾನೇ ಅವರಿಗೆ ತಿಳಿಯದ ಹಾಗೆ ಹೊಸ ಶರ್ಟುಗಳಿಗೆ ತೇಪೆ ಹಾಕಿದೆ ಅಂತ. ಜನ ನಿನ್ನನ್ನ ಎರಡು ದಿನ ಆಡಿಕೊಳ್ತಾರೆ, ಮರೀತಾರೆ. ನಾನು ಹೋದ್ರೆ ಎಲ್ಲರೂ ಹೋದ ಹಾಗೆ. ಹೊಸ ಕಟ್ಟಡದಲ್ಲಿ ನಿಮ್ಮಕ್ಕನಿಗೆ ಮನೆ. ಕೆಳಗಿನ ಮಹಡಿ, ಮೆಟ್ಟಿಲು ಹತ್ತೋ ಕಷ್ಟಾನೂ ಇಲ್ಲ. ಇವತ್ತೇ ಬರೆಸಿಕೊಡ್ತೀನಿ."

ಕಣ್ಣಲ್ಲಿ ನೀರು ಬಂತು ತೇಪೆಯಣ್ಣನಿಗೆ. ಎಷ್ಟು ಸಲೀಸಾಗಿ ಬಂತೆಂದರೆ, ಮೀಟರ್ ಓದುತ್ತಿದ್ದ ಕಾಲದಲ್ಲಿ ಯಾವ ನಲ್ಲಿಯಲ್ಲೂ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಅದನ್ನು ಮಾಸ್ಟರ್‌ನ ಭುಜಕ್ಕೇ ಒರೆಸಿಕೊಂಡ.

ಮನೆಗೆ ಬಂದು ಮಾಸ್ಟರ್ ಅಕ್ಕನಿಗೂ ಹೆಂಡತಿಗೂ ಈ ಸಲ ಏನೂ ಮುಚ್ಚಿಡಲಿಲ್ಲ. ಅಕ್ಕ ತಕ್ಷಣ ಹೇಳಿದಳು.

"ಹೇಳಿಬಿಡೋ."

"ಅಕ್ಕಾ..."

"ಏನು ಅಕ್ಕಾ? ಹೊಲಿದವನು ನೀನೇ ತಾನೆ? ನಾನೇ ಹೊಲಿದೆ ಅಂದ್ರೆ ಅದೇನು ದೊಡ್ಡ ಸುಳ್ಳು? ಇಷ್ಟು ವರ್ಷ ಹೊಲಿಯುವಾಗ ಎಲ್ಲಿ ಹೋಗಿತ್ತು ನಿನ್ನ ಸತ್ಯ? ನನಗೂ ಒಂದು ಬಾಗಿಲು ಬೇಕು ಕಣೋ. ಹಾಕಿಕೊಳ್ಳೋಕೆ, ತೆಗೆಯೋಕೆ, ನನ್ನದು ಅನ್ನೋ ಒಂದು ಬಾಗಿಲು. ಒಲೆ ಪಕ್ಕ ಮಲಗಿ ಮಲಗಿ ನನ್ನ ಸೀರೆಗೆಲ್ಲ ಸೀಮೆಎಣ್ಣೆ ವಾಸನೆ ಬಂದಿದೆ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? "ಯೋಚನೆ ಮಾಡ್ತೀನಿ" ಎಂದ ಮಾಸ್ಟರ್. ಹೆಂಡತಿ ತಟ್ಟೆ ತೆಗೆಯುತ್ತ ಒಂದೇ ಮಾತು ಹೇಳಿದಳು, "ನೀವು ಏನು ಹೇಳಿದ್ರೂ ನಾನು ಅಂಗಡೀಲಿ ನಿಮ್ಮ ಪಕ್ಕ ಕೂತಿರ್ತೀನಿ. ಅಷ್ಟು ಗೊತ್ತಿರಲಿ."

ಮಾರನೆಯ ದಿನ ಪಕ್ಷದ ಕಚೇರಿಯ ಸಭಾಂಗಣದಲ್ಲಿ ಪತ್ರಿಕೆಯವರು ಕಿಕ್ಕಿರಿದಿದ್ದರು. ಹಿಂದಿನ ಗೋಡೆಯ ಮೇಲೆ ಎಡಗೈ ಎತ್ತಿದ ದೊಡ್ಡ ಚಿತ್ರ. ತೇಪೆಯಣ್ಣ ನೊಂದ ಮುಖ ಹೊತ್ತು ಕೂತಿದ್ದ, ಮಾಸ್ಟರ್ ಅವನ ಪಕ್ಕದ ಕುರ್ಚಿಯಲ್ಲಿ. ಇವನ ಎತ್ತರಕ್ಕೆ ಮೈಕು ಮೂಗಿಗೆ ಬಂತು. ಪಿ.ಎ. ಬಂದು ಬಗ್ಗಿಸಿಕೊಟ್ಟು, ಹೇಳಿಕೊಟ್ಟ ವಾಕ್ಯದ ಮೊದಲ ಪದವನ್ನು ಕಿವಿಯಲ್ಲಿ ಉಸುರಿದ.

"ಅಭಿಮಾನದಿಂದ..." ಎಂದು ಮಾಸ್ಟರ್ ಶುರು ಮಾಡಿದ. ನಿಲ್ಲಿಸಿದ. ಪಕ್ಕದಿಂದ ಅತ್ತರು ಹೊಡೆಯುತ್ತಿತ್ತು.

"ಅಭಿಮಾನದಿಂದ ಒಂದು ಸಲ ಹಾಕಿದ್ದೆ. ಗೇಟು ಹತ್ತಿ ಬಂದ ದಿನ. ಆವತ್ತು ತೋಳು ಹರಿದಿತ್ತು, ನಾನೇ ನೋಡಿದ್ದೀನಿ. ಆಮೇಲೆ ಹಾಕಿದ ತೇಪೆಗಳಿಗೆ ಕೆಳಗೆ ಏನೂ ಇಲ್ಲ. ಹಾಕು ಅಂದವರು ಇವರು. ಹಾಕಿದವನು ನಾನು. ಅದು ನನಗೆ ನಾಚಿಕೆ. ಇವರಿಗೆ ಏನು ಅಂತ ಇವರನ್ನೇ ಕೇಳಿ."

ಅಷ್ಟು ಹೇಳಿ ಎದ್ದು, ಕುರ್ಚಿಯನ್ನು ಮೇಜಿನೊಳಗೆ ಸರಿಸಿಟ್ಟು ಹೊರಟ. ಹಿಂದೆ ಗದ್ದಲ ಎದ್ದಿತು.

ಆಮೇಲಿನದ್ದೆಲ್ಲ ಊರಿಗೆ ಗೊತ್ತು. ಮಂತ್ರಿ ಪದವಿ ಹೋಯಿತು, ಮುಂದಿನ ಚುನಾವಣೆಯಲ್ಲಿ ಠೇವಣಿಯೂ ಹೋಯಿತು. ಮಾಸ್ಟರ್‌ಗೆ ಹೇಸಿಗೆ ಅನಿಸಿದ್ದು ಬೇರೆ ವಿಷಯಕ್ಕೆ. ಒಂದು ಕಟ್ಟಡದಷ್ಟು ಸಂಸಾರಗಳನ್ನು ಬೀದಿಗೆ ಹಾಕಿದಾಗ ತುಟಿ ಪಿಟಕ್ಕೆನ್ನದ ಜನ, ಒಂದು ಚೌಕ ಬಟ್ಟೆಗೆ ರೊಚ್ಚಿಗೆದ್ದರು. ಅದೂ ರೊಚ್ಚಲ್ಲ, ನಗೆ. ಎದುರು ಪಕ್ಷದವರು ಮೈತುಂಬ ತೇಪೆ ಹಾಕಿಕೊಂಡು ಅಣಕು ಮೆರವಣಿಗೆ ಮಾಡುತ್ತೇವೆಂದು, ತೇಪೆ ಹೊಲಿಸಲು ಇವನ ಹತ್ತಿರವೇ ಬಂದರು. ಮಾಸ್ಟರ್ ಅವರ ಮುಖದ ಮೇಲೆ ಷಟರ್ ಎಳೆದ. ತೇಪೆಯಣ್ಣನ ಹುಡುಗರು ಒಬ್ಬೊಬ್ಬರಾಗಿ ಕತ್ತಲಾಗುವ ಹೊತ್ತಿಗೆ ಬಂದು, ತೋಳಿನ ತೇಪೆ ಬಿಚ್ಚಿಕೊಡಿ ಎಂದು ಮೆಲ್ಲಗೆ ಕೇಳಿದರು. ಬಿಚ್ಚಿದರೆ ಆ ಬಡಪಾಯಿಗಳ ಶರ್ಟುಗಳಲ್ಲೆಲ್ಲ ನಿಜವಾದ ತೂತು. ಅವನ್ನೆಲ್ಲ ಮಾಸ್ಟರ್ ಕೂತು ರಫೂ ಮಾಡಿದ. ಆದರೆ "ಎಲ್ಲಿ ಹರಿದಿತ್ತು, ತೋರಿಸಿ" ಎಂದು ಯಾರನ್ನೂ ಕೇಳಲಿಲ್ಲ.

ಊರಲ್ಲಿ ಎರಡು ಮಾತಾಯಿತು. ಎದುರು ಪಕ್ಷದವರಿಂದ ದುಡ್ಡು ತಿಂದು ಹೇಳಿದ ಎಂದು ಕೆಲವರು. ಇಷ್ಟು ದಿನ ಅವನ ಋಣದಲ್ಲಿದ್ದು ಬೆನ್ನಿಗೆ ಚೂರಿ ಹಾಕಿದ ಎಂದು ಕೆಲವರು. ಇವನ ಅಂಗಡಿಗೆ ಬರುವವರು ಕಡಿಮೆಯಾದರು. ಅಕ್ಕ ಅವನ ಜೊತೆ ಮಾತು ಬಿಟ್ಟಳು. ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ. "ಅವನಿಗೆ ಊಟಕ್ಕೆ ಬಾ ಅನ್ನು" ಎಂದು ಹೆಂಡತಿಯ ಮೂಲಕ ಹೇಳಿಸುತ್ತಿದ್ದಳು. ಬೈಗುಳವೇ ನಿಂತುಹೋಯಿತು. ಅದೊಂದು ಅವನನ್ನು ಒಳಗಿನಿಂದ ತಿಂದಿತು. "ಒಂದು ಸಲ ಬೈದುಬಿಡು ಅಕ್ಕಾ" ಎಂದು ಅವನು ಕೈಮುಗಿದು ಕೇಳಿದ್ದುಂಟು. ಅವಳು ಗೋಡೆ ಕಡೆ ತಿರುಗಿ ಕೂತಳು. ವರ್ಷಗಳು ಹೀಗೇ ಹೋದವು. ಮಾತು ಮತ್ತೆ ಶುರುವಾಯಿತು, ಬೇಕಾದಷ್ಟು ಮಾತ್ರ.

ಕಳೆದ ಚಳಿಗಾಲ ಅವನು ಹೋದ. ಎದೆನೋವೆಂದು ಮಧ್ಯಾಹ್ನ ಮನೆಗೆ ಬಂದು ಮಲಗಿದವನು ಏಳಲಿಲ್ಲ. ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬೀದಿಯವರು ಬಂದು ಬಂದು ನೋಡಿ, ಹೊರಗೆ ಗುಂಪಾಗಿ ನಿಂತಿದ್ದರು. ಆಗ ಬೀದಿಯ ತುದಿಯಲ್ಲಿ ಒಂದು ಕಾರು ನಿಂತಿತು. ತೇಪೆಯಣ್ಣ ಇಳಿದ. ಚುನಾವಣೆ ಮತ್ತೆ ಹತ್ತಿರ ಬಂದಿತ್ತು, ಹಿಂದೆ ಕ್ಯಾಮೆರಾದವರಿದ್ದರು. ಕೂದಲಿಗೆ ಬಣ್ಣ, ಕತ್ತಿನ ಕೆಳಗೆ ಚರ್ಮ ಜೋತುಬಿದ್ದಿತ್ತು. ಜನ ಏನು ಮಾಡಬೇಕಿತ್ತು? ದಾರಿ ಬಿಟ್ಟರು. ಕೆಲವರು ಕೈಕುಲುಕಿದರು. ಒಬ್ಬ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ, ಒಳಗೆ ಹೆಣ ಇರುವಾಗ.

ಅವನು ಒಳಗೆ ಬಂದು, ಶವದ ತಲೆಯ ಹತ್ತಿರ ನಿಂತು, ಕ್ಯಾಮೆರಾದವರು ಸರಿಯಾಗಿ ನಿಲ್ಲುವವರೆಗೆ ಕಾದು, ಕಣ್ಣೊರೆಸಿಕೊಂಡು ಮಾತು ತೆಗೆದ.

"ಇವನು ನನ್ನ ಅಣ್ಣನಿದ್ದ ಹಾಗೆ. ಆವತ್ತು ಯಾರ ಯಾರ ಒತ್ತಡಕ್ಕೋ ಸಿಕ್ಕಿ ನನ್ನ ಮೇಲೆ ಒಂದು ಸುಳ್ಳು ಹೇಳಿಬಿಟ್ಟ. ಪಾಪ, ಬಡವ. ನನ್ನ ಮನಸ್ಸಲ್ಲಿ ಏನೂ ಇಲ್ಲ. ಇವತ್ತು ಎಲ್ಲರ ಮುಂದೆ ಇವನನ್ನ ಕ್ಷಮಿಸಿದ್ದೀನಿ."

ಹೆಂಡತಿ ತಲೆ ಎತ್ತಿದಳು. ಹೊರಗಿದ್ದವರಲ್ಲಿ ಒಬ್ಬಿಬ್ಬರು ತಲೆದೂಗಿದ್ದೂ ಉಂಟು. ದೊಡ್ಡ ಮನಸ್ಸು ಎಂಬಂತೆ.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅಕ್ಕ ಗೋಡೆ ಹಿಡಿದುಕೊಂಡು ಎದ್ದಳು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ತಮ್ಮನ ಕಾಲು ದಾಟಿಕೊಂಡು ಬಂದು ತೇಪೆಯಣ್ಣನ ಎದುರು ನಿಂತಳು.

"ಇವನಿಗೆ ಸುಳ್ಳು ಹೇಳೋಕೆ ಬಂದಿದ್ರೆ ನನಗೆ ಒಂದು ಮನೆ ಇರ್ತಿತ್ತು" ಎಂದಳು. "ಕೆಳಗಿನ ಮಹಡೀಲಿ. ನೀನೇ ಬರೆದುಕೊಡ್ತೀನಿ ಅಂದಿದ್ದೆಯಲ್ಲ, ಇವನ ಭುಜಕ್ಕೆ ಸಿಂಬಳ ಒರೆಸಿಕೊಂಡು? ಹೇಳೋ ಅಂತ ನಾನೂ ಬೇಡಿಕೊಂಡೆ. ಹೇಳಲಿಲ್ಲ, ಮುಂಡೇದು. ಅದಕ್ಕೆ ಇಷ್ಟು ವರ್ಷ ಇವನ ಜೊತೆ ನೆಟ್ಟಗೆ ಮಾತಾಡಲಿಲ್ಲ ನಾನು. ಇವನನ್ನ ಕ್ಷಮಿಸೋದು ಏನಾದ್ರೂ ಇದ್ರೆ ಅದು ನನ್ನದು. ನೀನ್ಯಾವನೋ? ನಡಿ ಆಚೆ."

ತೇಪೆಯಣ್ಣ ಕ್ಯಾಮೆರಾದವರ ಕಡೆ ನೋಡಿ, "ದುಃಖದಲ್ಲಿದ್ದಾರೆ" ಎಂದ. ಬಾಗಿಲಿನವರೆಗೆ ನಿಧಾನವಾಗಿ ನಡೆದ. ಅಲ್ಲಿಂದ ಕಾರಿನವರೆಗೆ ನಾಲ್ಕೈದು ಜನ ಅವನ ಜೊತೆ ಹೋದರು.

ಮರುದಿನದ ಪತ್ರಿಕೆಯಲ್ಲಿ ಅವನ ಚಿತ್ರ ಬಂತು, ಅವನ ಕ್ಷಮೆ ಬಂತು. ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಬರಲಿಲ್ಲ.

ಅಂದು ತೇಪೆಯಣ್ಣನ ಕಾರು ಹೊರಟ ಮೇಲೆ ಅಕ್ಕ ತಮ್ಮನ ತಲೆಯ ಹತ್ತಿರ ಕೂತು, ಬೈಯಲು ಶುರು ಮಾಡಿದಳು. ಚಿಕ್ಕಂದಿನಿಂದ ಬೈಯುತ್ತಿದ್ದ ಹಾಗೆಯೇ, ದಡ್ಡ ಎಂದು, ಹಟಮಾರಿ ಎಂದು, ಯಾರ ಮಾತೂ ಕೇಳದವನು ಎಂದು. ಎತ್ತಿಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು, ಅವಳ ಬೈಗುಳ ಮುಗಿಯುವವರೆಗೆ ಕಾದರು.